ಬೆನ್ನು ಬಾಗದವರ ಸ್ಪಿನ್

12 ನವೆಂಬರ್ 2025, ಬುಧವಾರ

ಇವತ್ತಿನ ಫಿಗರ್ ಸ್ಕೇಟಿಂಗ್ ಕ್ಲಾಸು ಪೂರ್ತಿ ಸ್ಪಿನ್‌ಗೇ, ಅಂದರೆ ಐಸ್ ಮೇಲೆ ನಿಂತಲ್ಲೇ ಗಿರಗಿರನೆ ಸುತ್ತೋದಕ್ಕೇ ಹೋಯಿತು. ಅದರಲ್ಲೂ ಮುಕ್ಕಾಲು ಪಾಲು ಸುತ್ತೋದಕ್ಕೆ ಮುಂಚಿನ ಒಂದೆರಡು ಸೆಕೆಂಡಿಗೆ. ಬಗ್ಗಿದರೆ ಕೈಬೆರಳು ಪಾದಕ್ಕೆ ತಾಗದ ನನ್ನಂಥವರಿಗೆ ಇದು ಒಳ್ಳೆಯ ಸುದ್ದಿಯೇ. ಸ್ಪಿನ್ ಕೆಡೋದು ಬೆನ್ನು ಬಾಗದ್ದಕ್ಕಲ್ಲ, ಎಂಟ್ರಿಯಲ್ಲಿ ಅವಸರಪಡೋದಕ್ಕೆ.

ನಾನು ಎಡಕ್ಕೆ ಸುತ್ತುವವಳು. ಬಲಗಾಲಲ್ಲಿ ಹಿಂದಕ್ಕೆ, ಬ್ಲೇಡಿನ ಒಳ ಎಡ್ಜ್ (ಅಂಚು) ಮೇಲೆ ಜಾರಿ ಬಂದು, ಎಡಗಾಲಲ್ಲಿ ಮುಂದಕ್ಕೆ ಹೊರ ಎಡ್ಜ್ ಮೇಲೆ ಹೆಜ್ಜೆ ಇಡಬೇಕು. ಮಂಡಿ ಚೆನ್ನಾಗಿ ಮಡಚಿರಬೇಕು. ಆಮೇಲೆ ಕಾಯಬೇಕು. ಕಷ್ಟ ಇರೋದೇ ಇಲ್ಲಿ. ಜಾರುವ ದಾರಿಯ ತಿರುವು ತಾನಾಗಿ ಬಿಗಿಯಾಗುತ್ತಾ ಬಂದು ಬ್ಲೇಡು ಸರಕ್ಕನೆ ತಿರುಗುವ ತನಕ ಭುಜ ಅಲ್ಲಾಡಬಾರದು. ತಿರುಗಿದ ಮೇಲೆ ಭಾರ ಟೋ ಪಿಕ್‌ನ (ಬ್ಲೇಡಿನ ಮುಂತುದಿಯ ಹಲ್ಲುಗಳ) ತುಸು ಹಿಂದೆ, ಮುಂಗಾಲಿನ ಮೇಲೆ ಬಂದು ಕೂರುತ್ತದೆ. ಎದ್ದು ನಿಲ್ಲೋದು ಆಮೇಲೆ.

ಸ್ಪಿನ್ ಮುಗಿದಾಗ ಕಲಿಸುವ ಮೇಡಂ ನನ್ನ ಕಡೆ ನೋಡಲೇ ಇಲ್ಲ, ಐಸ್ ನೋಡಿದರು. ಸೆಂಟರ್ ಹಿಡಿದಿದ್ದರೆ, ಅಂದರೆ ಒಂದೇ ಜಾಗದಲ್ಲಿ ಸುತ್ತಿದ್ದರೆ, ಪುಟ್ಟ ಪುಟ್ಟ ಸುತ್ತುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಇಲ್ಲದಿದ್ದರೆ ಎಳೆದ ಸ್ಪ್ರಿಂಗಿನ ಹಾಗೆ ಉದ್ದಕ್ಕೆ ಸಾಗಿರುತ್ತವೆ. “ನಿಮ್ಮ ಭುಜ ನಿಮಗಿಂತ ಮುಂಚೆ ಹೊರಟುಬಿಡುತ್ತೆ ನೋಡಿ” ಅಂದರು.

ವೇಗಕ್ಕೂ ಮೈ ಬಳುಕಬೇಕಿಲ್ಲ. ಕೈಕಾಲು ಅಗಲಿಸಿ ಶುರುಮಾಡಿ, ಸೆಂಟರ್ ಸಿಕ್ಕ ಮೇಲೆ ನಿಧಾನಕ್ಕೆ ಒಳಗೆಳೆದುಕೊಂಡರೆ ಸಾಕು, ಉಳಿದದ್ದನ್ನು ಭೌತಶಾಸ್ತ್ರ ನೋಡಿಕೊಳ್ಳುತ್ತದೆ. 2015ರಲ್ಲಿ ಸ್ಕೇಟರ್ ಒಲಿವಿಯಾ ರಿಬಿಕಾ-ಆಲಿವರ್ ನಿಮಿಷಕ್ಕೆ 342 ಸುತ್ತಿನ ಗಿನ್ನೆಸ್ ದಾಖಲೆ ಮಾಡಿದ್ದು ನೆಟ್ಟಗೆ ನಿಂತೇ. ಕಾಲನ್ನು ತಲೆಯ ಮೇಲಕ್ಕೆ ಎಳೆದು ಸುತ್ತುವ ಬೀಲ್ಮನ್ ಚಂದವೇ, ಆದರೆ ಜಾಗ ಬಿಟ್ಟು ಓಡುವ ಬೀಲ್ಮನ್‌ಗಿಂತ ಒಂಟಿಕಾಲಲ್ಲಿ ಕುಕ್ಕರಿಸಿ ನಿಂತಲ್ಲೇ ಕೊರೆಯುವ ಸಿಟ್ ಸ್ಪಿನ್ ನನಗೆ ಹೆಚ್ಚು ಇಷ್ಟ. (ಹೊಟ್ಟೆಕಿಚ್ಚು ಅಂದುಕೊಂಡರೂ ಸರಿ.)

ಸ್ಪರ್ಧೆಯ ನಿಯಮ ಕೂಡ ನಮ್ಮ ಪರವಾಗಿಯೇ ಇದೆ. ಸಿಟ್ ಸ್ಪಿನ್‌ನಲ್ಲಿ ಊರಿದ ಕಾಲಿನ ತೊಡೆ ಐಸ್‌ಗೆ ಸಮಾನಾಂತರದ ಮಟ್ಟಕ್ಕಾದರೂ ಇಳಿದಿರಬೇಕು. ಅದಕ್ಕೆ ಬೇಕಾದ್ದು ತೊಡೆಯ ಕಸುವು, ಕಣಕಾಲಿನ ಬಾಗು. ಬೂಟಿನ ಲೇಸನ್ನು ಮೇಲ್ತುದಿಯಲ್ಲಿ ತುಸು ಸಡಿಲ ಬಿಟ್ಟರೂ ಎಷ್ಟೋ ವಾಸಿ. ಭಂಗಿ ಬದಲಿಸದೆ 8 ಸುತ್ತು ನಿಂತರೆ ಅದೂ ಲೆವೆಲ್‌ಗೆ (ಸ್ಪಿನ್ ಎಷ್ಟು ಕಷ್ಟದ್ದು ಅನ್ನುವ ದರ್ಜೆಗೆ) ಲೆಕ್ಕ.

ಕಾಡೋದು ಕ್ಯಾಮೆಲ್ ಸ್ಪಿನ್. ಹಿಂದೆ ಚಾಚಿದ ಕಾಲಿನ ಮಂಡಿ ಸೊಂಟದ ಮಟ್ಟಕ್ಕಿಂತ ಮೇಲಿರಬೇಕು. ನನ್ನ ಕಾಲನ್ನು ಇನ್ನೊಬ್ಬರು ಹಿಡಿದೆತ್ತಿದರೆ ಅಲ್ಲಿಗೆ ಹೋಗುತ್ತದೆ, ನಾನಾಗಿ ಎತ್ತಿದರೆ ಇಲ್ಲ. ಅಂದರೆ ತೊಂದರೆ ಮೈಯ ಬಿಗುವಿನದಲ್ಲ, ಪೃಷ್ಠದ ಮತ್ತು ಬೆನ್ನಿನ ಸ್ನಾಯುಗಳ ಬಲ ಸಾಲದ್ದು. ಹಾಗಾಗಿ ಸ್ಟ್ರೆಚಿಂಗ್ ಅರ್ಧಕ್ಕೆ ಇಳಿಸಿ, ಮನೆಯಲ್ಲಿ ಗೋಡೆಗೆ ಕೈಯೂರಿ ಕಾಲೆತ್ತಿ ಹಿಡಿಯುವ ವ್ಯಾಯಾಮ ಶುರುಮಾಡಿದ್ದೇನೆ. ಎತ್ತುವಾಗ ಎದೆ ಕುಸಿಯಬಾರದು ಅಂತ ಮೇಡಂ ಎಚ್ಚರಿಸಿದ್ದಾರೆ.