ಮೊದಲು ಒಂದು ಲಾರಿ ಹೋಗುವಷ್ಟು ದಾರಿ

ಭೂಕಂಪ ಆದಾಗ ಟಿವಿಯಲ್ಲಿ ಬಿದ್ದ ಕಟ್ಟಡಗಳನ್ನೇ ತೋರಿಸುತ್ತಾರೆ. ನನ್ನ ಕಣ್ಣು ಹುಡುಕುವುದು ರಸ್ತೆಯನ್ನು. ಸೇತುವೆಗಳ ಲೆಕ್ಕ ಮಾಡುವುದೇ ನನ್ನ ಕೆಲಸ, ಹಾಗಾಗಿ ಇರಬಹುದು. ಆದರೆ ಯೋಚಿಸಿ ನೋಡಿ, ಕ್ರೇನು, ಆಂಬುಲೆನ್ಸು, ಕುಡಿಯುವ ನೀರು, ಎಲ್ಲ ಬರಬೇಕಾದ್ದು ಆ ರಸ್ತೆಯಲ್ಲೇ ಅಲ್ವಾ?

ಸೇತುವೆ ಬಿದ್ದರೆ ಮಾತ್ರ ದಾರಿ ಮುಚ್ಚುತ್ತದೆ ಅಂತಲ್ಲ. ಸೇತುವೆ ನೆಲದಾಳಕ್ಕೆ ಇಳಿಸಿದ ಕಂಬಗಳ, ಅಂದರೆ ಪೈಲ್‌ಗಳ, ಮೇಲೆ ಗಟ್ಟಿಯಾಗಿ ನಿಂತಿರುತ್ತದೆ. ಅದಕ್ಕೆ ಹತ್ತುವ ಮಣ್ಣಿನ ಏರಿ ಮಾತ್ರ ಅದುರಿ ಕುಸಿದಿರುತ್ತದೆ. ಎರಡೂ ಸೇರುವ ಕಡೆ ಮೆಟ್ಟಿಲಿನಂತೆ ಮೊಣಕಾಲುದ್ದ ತಗ್ಗಾದರೂ ಸಾಕು, ಆಂಬುಲೆನ್ಸ್ ಅಲ್ಲೇ ನಿಲ್ಲುತ್ತದೆ. ಜಲ್ಲಿ ಸುರಿದು, ಇಳಿಜಾರು ಮಾಡಿ, ರೋಲರ್ ಓಡಿಸಿದರೆ ಇದನ್ನು ಕೆಲವೇ ಗಂಟೆಗಳಲ್ಲಿ ಸರಿಮಾಡಬಹುದು. ಕಂಬ ಸೀಳಿದ್ದರೆ, ಕಂಬದ ತಲೆಯ ಮೇಲಿನ ಆಸರೆ (ಬೇರಿಂಗ್) ಜಾರಿ, ರಸ್ತೆ ಹೊರುವ ತೊಲೆ (ಗರ್ಡರ್) ಅಂಚಿಗೆ ಬಂದಿದ್ದರೆ ಮಾತು ಬೇರೆ. ಮತ್ತೆ ಮತ್ತೆ ಬರುವ ಸಣ್ಣ ಕಂಪನಗಳಲ್ಲಿ ಅದು ಯಾವಾಗ ಬೀಳುತ್ತದೋ ಹೇಳಲಾಗದು. ಮೊದಲ ದಿನ ಇಂಜಿನಿಯರ್ ಮಾಡಬೇಕಾದ ದೊಡ್ಡ ಕೆಲಸ ಈ ಎರಡನ್ನು ಬೇರ್ಪಡಿಸುವುದು.

ಆಮೇಲಿನದು ಸರದಿಯ ಪ್ರಶ್ನೆ. ಯಾವ ರಸ್ತೆ ಮೊದಲು? ಇದಕ್ಕೆ ನಾನು ಕಂಡ ಅತ್ಯುತ್ತಮ ಉತ್ತರ ಜಪಾನಿನ ಈಶಾನ್ಯ ಭಾಗವಾದ ತೋಹೊಕುವಿನದು. 2011ರ ಮಾರ್ಚ್ 11ರ ಭೂಕಂಪದ ಹಿಂದೆಯೇ ಬಂದ ಸುನಾಮಿಗೆ ಕರಾವಳಿಯ 45ನೇ ಹೆದ್ದಾರಿ ತುಂಡು ತುಂಡಾಯಿತು. ಅಲ್ಲಿನವರು ಅದನ್ನು ಮೊದಲು ಕೈಗೆತ್ತಿಕೊಳ್ಳಲಿಲ್ಲ. ಒಳನಾಡಿನಲ್ಲಿ ಉತ್ತರ ದಕ್ಷಿಣಕ್ಕೆ ಓಡುವ 4ನೇ ಹೆದ್ದಾರಿ ಮತ್ತು ಎಕ್ಸ್‌ಪ್ರೆಸ್‌ವೇಯನ್ನು ಮೊದಲು ಓಡಾಟಕ್ಕೆ ತಂದರು. ಅಲ್ಲಿಂದ ಬಾಚಣಿಗೆಯ ಹಲ್ಲುಗಳಂತೆ ಪೂರ್ವಕ್ಕೆ, ಒಂದೊಂದು ಊರಿಗೆ ಒಂದೊಂದು ದಾರಿ ಬಿಡಿಸಿದರು. ಮರುದಿನವೇ 11 ದಾರಿಗಳು ತೆರೆದವು. 15ನೇ ತಾರೀಖಿಗೆ 15 ದಾರಿಗಳು ಸಿದ್ಧ. ಕರಾವಳಿ ರಸ್ತೆಗೆ ಕೈಹಾಕಿದ್ದು ಆಮೇಲೆ.

ತೆರೆದದ್ದು ಅಂದರೆ ರಿಪೇರಿ ಮುಗಿಯಿತು ಅಂತಲ್ಲ. ಮನೆಗಳ ಮರ, ಮಗುಚಿದ ಕಾರು, ಕೆಸರು ಎಲ್ಲವನ್ನೂ ಬದಿಗೆ ತಳ್ಳಿ ಒಂದು ಲಾರಿ ಹೋಗುವಷ್ಟು ಜಾಗ ಮಾಡಿದರು, ಅಷ್ಟೇ. ಆ ರಾಶಿಯಲ್ಲಿ ಶವಗಳೂ ಇದ್ದವು. ಸೈನಿಕರ ಜೊತೆ ಸೇರಿ ಇದನ್ನು ಮಾಡಿದ್ದು ಅದೇ ಊರುಗಳ ಸಣ್ಣ ಗುತ್ತಿಗೆದಾರರ ಕೆಲಸಗಾರರು. ಅವರ ಬಗ್ಗೆ ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಈ ವೇಗದ ಹಿಂದೆ ಜಪಾನಿನದೇ ಕೋಬೆ ನಗರದ ಪಾಠ ಇತ್ತು. 1995ರ ಭೂಕಂಪದಲ್ಲಿ ಅಲ್ಲಿ ಹಾನ್‌ಶಿನ್ ಎಕ್ಸ್‌ಪ್ರೆಸ್‌ವೇಯ 635 ಮೀಟರ್ ಉದ್ದದ ಭಾಗ ಕಂಬಗಳ ಸಮೇತ ಮಗ್ಗುಲಿಗೆ ಮಲಗಿತ್ತು. ಆಮೇಲೆ ದೇಶದ ಹಳೆಯ ಸೇತುವೆಗಳ ಕಂಬಗಳಿಗೆ ಉಕ್ಕಿನ ಕವಚ ತೊಡಿಸುತ್ತಾ ಬಂದರು. ತೋಹೊಕುವಿನಲ್ಲಿ ಬೆನ್ನೆಲುಬಿನಂಥ ಹೆದ್ದಾರಿ ಉಳಿಯಲು ಅದೂ ಕಾರಣ.

ಎಲ್ಲ ಕಡೆ ಈ ಬಾಚಣಿಗೆಯ ಉಪಾಯ ನಡೆಯುವುದಿಲ್ಲ. 2024ರ ಜನವರಿ 1ರಂದು ಜಪಾನಿನದೇ ನೋಟೊ ಪರ್ಯಾಯ ದ್ವೀಪ ನಡುಗಿತು. ಅಲ್ಲಿಗೆ ಇರುವ ದಾರಿಗಳೇ ಕಡಿಮೆ, ಅವೂ ಗುಡ್ಡ ಕುಸಿದು ಮುಚ್ಚಿದವು. ದೋಣಿಯಲ್ಲಿ ಹೋಗೋಣ ಅಂದರೆ ಕೆಲವು ಕಡೆ ಸಮುದ್ರದ ತಳವೇ ಸುಮಾರು 4 ಮೀಟರ್ ಮೇಲೆದ್ದು ಬಂದರುಗಳು ಒಣಗಿಹೋಗಿದ್ದವು. ನ್ಯೂಜಿಲೆಂಡಿನ ಕೈಕೌರದಲ್ಲೂ ಬೆಟ್ಟ ಮತ್ತು ಸಮುದ್ರದ ನಡುವೆ ಸಿಕ್ಕಿದ 1ನೇ ಹೆದ್ದಾರಿ 2016ರ ನವೆಂಬರ್‌ನ ಭೂಕಂಪದಲ್ಲಿ ಮುಚ್ಚಿ, ಮತ್ತೆ ತೆರೆದದ್ದು 2017ರ ಡಿಸೆಂಬರ್ 15ಕ್ಕೆ. ಅದೂ ಮೊದಮೊದಲು ಹಗಲು ಹೊತ್ತು ಮಾತ್ರ.

ಅದಕ್ಕೇ ನನ್ನ ಒತ್ತಾಯ ಇಷ್ಟು. ಪ್ರತಿ ಜಿಲ್ಲೆಯ ರಸ್ತೆ ಕಚೇರಿಯಲ್ಲೂ ಒಂದು ಪಟ್ಟಿ ಈಗಲೇ ಇರಲಿ. ಆಸ್ಪತ್ರೆಗೆ ಹೋಗುವ ಸೇತುವೆ ಯಾವುದು, ಅದು ಹೋದರೆ ಸುತ್ತು ದಾರಿ ಯಾವುದು, ತುಂಡುಗಳನ್ನು ಜೋಡಿಸಿ ಬೇಗ ನಿಲ್ಲಿಸುವ ತಾತ್ಕಾಲಿಕ ಉಕ್ಕಿನ ಸೇತುವೆಯ (ಬೈಲಿ ಸೇತುವೆ) ಭಾಗಗಳು ಯಾವ ಗೋದಾಮಿನಲ್ಲಿವೆ, ಹತ್ತಿರದ ಜೆಸಿಬಿ ಯಾರ ಬಳಿ ಇದೆ. ತೋಹೊಕುವಿನಲ್ಲಿ ಸ್ಥಳೀಯ ಗುತ್ತಿಗೆದಾರರ ಜೊತೆ ಒಪ್ಪಂದ ಮೊದಲೇ ಆಗಿತ್ತು. ಭೂಮಿ ನಡುಗಿದ ಮೇಲೆ ಟೆಂಡರ್ ಕರೆಯುತ್ತಾ ಕೂರುವ ಪ್ರಮೇಯವೇ ಅವರಿಗೆ ಬರಲಿಲ್ಲ.