ಅರಿಮತ್ಸು: ಒಂದು ಕೈಗೆ ಒಂದು ಕಟ್ಟು

ಜಪಾನಿನ ನಗೋಯಾದಿಂದ ಮೇಯ್ತೆತ್ಸು ರೈಲು ಹತ್ತಿದರೆ ಅರಿಮತ್ಸು ಎಂಬ ಹಳೆಯ ಊರಿಗೆ ಸುಮಾರು 20 ನಿಮಿಷ. ನನ್ನ ತಮ್ಮ ಬಿಡದಿಯ ಕಾರು ಕಾರ್ಖಾನೆಯಿಂದ ಕೆಲಸದ ಮೇಲೆ ಟೊಯೊಟಾ ನಗರಕ್ಕೆ ಬಂದವನು. ಇಷ್ಟು ಹತ್ತಿರ ಇದ್ದರೂ ಒಮ್ಮೆಯೂ ಇಲ್ಲಿ ಇಳಿದಿರಲಿಲ್ಲ. "ಅಲ್ಲಿ ಬಟ್ಟೆ ಅಂಗಡಿ ಬಿಟ್ಟರೆ ಏನಿದೆ ಅಕ್ಕಾ?" ಅಂದ. ನಾನು ಹೊರಟಿದ್ದೇ ಆ ಬಟ್ಟೆ ನೋಡಲು. ಶಿಬೊರಿ, ಅಂದರೆ ಕಟ್ಟಿ, ಹೊಲಿದು, ಮಡಿಸಿ ಬಣ್ಣಕ್ಕೆ ಅದ್ದುವ ಬಟ್ಟೆ.

ನಿಲ್ದಾಣದ ಸುತ್ತ ಎಲ್ಲ ಹೊಸ ಕಟ್ಟಡಗಳು. ಸ್ವಲ್ಪ ನಡೆದರೆ ಸಾಕು, ಹಳೆಯ ತೋಕಾಯ್ದೋ ರಸ್ತೆ ಸಿಗುತ್ತದೆ. ಎದೋ (ಇಂದಿನ ಟೋಕಿಯೊ) ಮತ್ತು ಕ್ಯೋತೊ ನಡುವೆ ಜನ ನಡೆದು ಓಡಾಡುತ್ತಿದ್ದ ಹೆದ್ದಾರಿ ಇದು. ಅದರ ಸುಮಾರು 800 ಮೀಟರ್ ಉದ್ದದ ತುಂಡು ಇಲ್ಲಿ ಹಳೆಯ ಮನೆಗಳ ಜೊತೆಗೇ ಉಳಿದಿದೆ. ದಪ್ಪ ಗಾರೆಯ ಗೋಡೆ, ಹೆಂಚಿನ ಮಾಡು, ಮಹಡಿಯಲ್ಲಿ ಸಣ್ಣ ಸರಳುಗಳ ಕಿಟಕಿ. 1784ರಲ್ಲಿ ಬೆಂಕಿ ಬಿದ್ದು ಊರಿಗೆ ಊರೇ ಸುಟ್ಟುಹೋಯಿತು. ಅದಾದ ಮೇಲೆ ಹುಲ್ಲಿನ ಮಾಡು ಬಿಟ್ಟು ಬೆಂಕಿ ತಡೆಯುವ ಹಾಗೆ ಕಟ್ಟಿಕೊಂಡರು. ಅಷ್ಟು ದೊಡ್ಡ ಮನೆ ಮತ್ತೆ ಕಟ್ಟಲು ದುಡ್ಡು ಎಲ್ಲಿಂದ ಬಂತು? ಕಟ್ಟಿ ಅದ್ದಿದ ಹತ್ತಿ ಬಟ್ಟೆಯಿಂದ.

ಈ ಊರು ಹುಟ್ಟಿದ್ದೇ ರಸ್ತೆಗಾಗಿ. ಚಿರ್ಯು ಮತ್ತು ನರುಮಿ ತಂಗುದಾಣಗಳ ನಡುವೆ ಜನವಸತಿ ಇರಲಿಲ್ಲ. ಒವಾರಿ ಸಂಸ್ಥಾನದವರು 1608ರಲ್ಲಿ ಚಿತಾ ಪರ್ಯಾಯ ದ್ವೀಪದಿಂದ ಕುಟುಂಬಗಳನ್ನು ಕರೆಸಿ ಇಲ್ಲಿ ಕೂರಿಸಿದರು. ಬೇಸಾಯಕ್ಕೆ ನೆಲ ಒಗ್ಗಲಿಲ್ಲ. ಆದರೆ ಬಾಗಿಲ ಮುಂದೆ ದಿನವಿಡೀ ಪ್ರಯಾಣಿಕರು. ನಗೋಯಾ ಕೋಟೆ ಕಟ್ಟಲು ಕ್ಯೂಶು ದ್ವೀಪದ ಬುಂಗೊ ಸೀಮೆಯಿಂದ ಬಂದ ಆಳುಗಳ ಹತ್ತಿರ ಕಟ್ಟಿ ಅದ್ದಿದ ಬಟ್ಟೆ ಇತ್ತಂತೆ. ಅದನ್ನು ನೋಡಿ ತಾಕೆದಾ ಶೋಕುರೊ ಎಂಬಾತ ಕೈ ಒರೆಸುವ ಬಟ್ಟೆಗಳನ್ನು ಮಾಡಿ ದಾರಿಹೋಕರಿಗೆ ಮಾರಲು ಶುರುಮಾಡಿದ ಎಂದು ಊರಿನವರು ಹೇಳುತ್ತಾರೆ. ಮುಂದೆ ಬುಂಗೊ ಕಡೆಯ ವೈದ್ಯನೊಬ್ಬನ ಹೆಂಡತಿ ಇನ್ನೊಂದು ಬಗೆಯ ಕಟ್ಟು ಕಲಿಸಿದಳು. ಅದಕ್ಕೆ ಅವರ ಮನೆ ಹೆಸರಿನಿಂದಲೇ ಮಿಉರಾ ಎನ್ನುತ್ತಾರೆ. ಮರದಚ್ಚಿನ ಚಿತ್ರಗಳ ಹೆಸರಾಂತ ಕಲಾವಿದ ಹಿರೊಶಿಗೆ ತೋಕಾಯ್ದೋ ದಾರಿಯ ಚಿತ್ರ ಬಿಡಿಸಿದಾಗ ನರುಮಿಯ ಹಾಳೆಯಲ್ಲಿ ತೋರಿಸಿದ್ದೂ ಇಲ್ಲಿನ ಬಟ್ಟೆ ಅಂಗಡಿಗಳನ್ನೇ.

ರಸ್ತೆಯಲ್ಲೇ ಶಿಬೊರಿ ವಸ್ತುಸಂಗ್ರಹಾಲಯ ಇದೆ. ಕೆಳಗೆ ಅಂಗಡಿ, ಮೇಲೆ ಹಳೆಯ ಬಟ್ಟೆ ಮತ್ತು ಉಪಕರಣಗಳು. ಅಲ್ಲೇ ವಯಸ್ಸಾದ ಹೆಂಗಸರು ಕೂತು ಕಟ್ಟಿ ತೋರಿಸುತ್ತಾರೆ. ನಾನು ಜಾಸ್ತಿ ಹೊತ್ತು ಕಳೆದದ್ದು ಅವರ ಪಕ್ಕದಲ್ಲೇ.

ಒಬ್ಬ ಅಜ್ಜಿಯ ಮುಂದೆ ಮರದ ಸಣ್ಣ ಸ್ಟ್ಯಾಂಡ್. ಅದರ ತುದಿಗೆ ಕೊಕ್ಕೆ. ಬಟ್ಟೆಯ ಚೂರನ್ನು ಕೊಕ್ಕೆಗೆ ಸಿಕ್ಕಿಸಿ ಎಳೆಯುತ್ತಾರೆ, ನೆರಿಗೆ ಕೂಡಿಸುತ್ತಾರೆ, ಬುಡದಿಂದ ತುದಿವರೆಗೆ ದಾರ ಸುತ್ತುತ್ತಾರೆ. ಇದು ಕುಮೊ, ಜೇಡರ ಬಲೆಯ ಕಟ್ಟು. ಮಿಉರಾ ಬೇರೆ ಥರ. ಅಲ್ಲಿ ಗಂಟೇ ಇಲ್ಲ. ಚಿವುಟಿ ಎಳೆದ ಬಟ್ಟೆಗೆ ದಾರ ಸುತ್ತಿ, ಅದೇ ದಾರದಲ್ಲಿ ಪಕ್ಕದ ಚಿವುಟಿಗೆ ಹೋಗುತ್ತಾರೆ. ದಾರದ ಬಿಗಿಯೇ ಎಲ್ಲವನ್ನೂ ಹಿಡಿದಿರುತ್ತದೆ. ಗುಜರಾತಿನ ಬಾಂಧನಿ ಹೆಂಗಸರು ಉಗುರಿನಲ್ಲಿ ಎತ್ತಿ ಕಟ್ಟುವುದನ್ನು ನೋಡಿದ್ದೇನೆ. ಇಲ್ಲಿ ಉಗುರಿನ ಕೆಲಸವನ್ನು ಕೊಕ್ಕೆ ಮಾಡುತ್ತದೆ.

"ಮಿಉರಾ ಕೂಡ ಕಟ್ತೀರಾ?" ಎಂದು ಕೇಳಿಸಿದೆ. ನನ್ನ ತಮ್ಮ ಜಪಾನಿಯಲ್ಲಿ ವಿಚಾರಿಸಿ ಹೇಳಿದ: "ಇಲ್ವಂತೆ ಅಕ್ಕಾ. ಅದು ಬೇರೆಯವರ ಕೆಲಸ. ಇವರಿಗೆ ಇದೊಂದೇ."

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅರಿಮತ್ಸುನಲ್ಲಿ ಸುಮಾರು 100 ಬಗೆಯ ಕಟ್ಟುಗಳು ಬೆಳೆದವು. ಆದರೆ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಕಟ್ಟು. ಚಿಕ್ಕಂದಿನಲ್ಲಿ ಮನೆಯಲ್ಲಿ ಕಲಿತದ್ದನ್ನೇ ಕಡೆವರೆಗೂ ಮಾಡುತ್ತಾರೆ. ಒಂದೇ ಬಟ್ಟೆಯಲ್ಲಿ ಮೂರು ಬಗೆ ಇದ್ದರೆ ಅದು ಮೂರು ಮನೆ ಸುತ್ತಬೇಕು. ವಿನ್ಯಾಸ ಮಾಡುವವರು, ಕಾಗದದ ಅಚ್ಚಿಗೆ ತೂತು ಕೊರೆಯುವವರು, ನೀರಿಗೆ ಹಾಕಿದರೆ ಅಳಿಸಿಹೋಗುವ ಹೂವಿನ ನೀಲಿ ರಸದಲ್ಲಿ ಗುರುತು ಹಾಕುವವರು, ಕಟ್ಟುವವರು, ಅದ್ದುವವರು, ದಾರ ಬಿಚ್ಚುವವರು, ಹಬೆಯಲ್ಲಿ ಸರಿಮಾಡುವವರು ಎಲ್ಲ ಬೇರೆ ಬೇರೆ. ಸಣ್ಣ ಚುಕ್ಕಿಗಳ ಕಾನೊಕೊ ಕಟ್ಟಿನಲ್ಲಿ ಇಡೀ ಕಿಮೋನೊ ತುಂಬಲು ವರ್ಷವೇ ಹಿಡಿಯಬಹುದು. ಅದ್ದಿ ಒಣಗಿಸಿದ ಮೇಲೆ ಬಟ್ಟೆಯನ್ನು ಎಳೆದರೆ ದಾರ ಪಟಪಟ ಬಿಟ್ಟುಕೊಳ್ಳುತ್ತದೆ. ಉಬ್ಬು ಮಾತ್ರ ಬಟ್ಟೆಯಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಉಡುವ ತೆಳು ಹತ್ತಿ ಕಿಮೋನೊ, ಯುಕಾತಾ, ಮೈಗೆ ಅಂಟಿಕೊಳ್ಳದೆ ಇರೋದು ಆ ಉಬ್ಬಿನಿಂದಲೇ.

ಇಷ್ಟು ಹದವಾದ ಕೈ ಒಂದೇ ಕೆಲಸಕ್ಕೆ ಜೀವನವಿಟ್ಟರೆ ಮಾತ್ರ ಬರುತ್ತದೆ, ಒಪ್ಪುತ್ತೇನೆ. ಆದರೆ ಆ ಕೈ ನಿಂತರೆ ಕಟ್ಟೂ ನಿಲ್ಲುತ್ತದೆ. ಅರಾಶಿ ಎಂಬ ಬಿರುಗಾಳಿ ಕಟ್ಟಿಗೆ ಹಾಗೇ ಆಗುವುದರಲ್ಲಿತ್ತು. 1880ರಲ್ಲಿ ಸುಜುಕಿ ಕಾನೆಜೊ ಕಂಡುಹಿಡಿದದ್ದು ಅದು. ಉದ್ದನೆಯ ಮರದ ಕಂಬಕ್ಕೆ ಬಟ್ಟೆ ಸುತ್ತಿ, ಅದರ ಮೇಲೆ ದಾರ ಸುತ್ತಿ, ಬಟ್ಟೆಯನ್ನು ತಳ್ಳಿ ಮುದುಡಿಸಿ, ಕಂಬದ ಸಮೇತ ಬಣ್ಣಕ್ಕೆ ಇಳಿಸುತ್ತಿದ್ದರು. ಓರೆಯಾದ ಮಳೆಗೆರೆಗಳು ಮೂಡುತ್ತಿದ್ದವು. ಊರಿನಲ್ಲಿ ಕಂಬ ಹಿಡಿಯುವವರು ಕಡಿಮೆಯಾಗುವ ಹೊತ್ತಿಗೆ ಹೊರದೇಶದ ಕಲಾವಿದರು ಅದನ್ನು ಕಲಿತು ಉಳಿಸಿಕೊಂಡರು. 1992ರಲ್ಲಿ ಮೊದಲ ಅಂತರರಾಷ್ಟ್ರೀಯ ಶಿಬೊರಿ ಸಮಾವೇಶ ನಡೆದದ್ದು ನಗೋಯಾದಲ್ಲಿ. ಎರಡನೆಯದು 1997ರಲ್ಲಿ, ನಮ್ಮ ಅಹಮದಾಬಾದಿನಲ್ಲಿ.

ಕಿಮೋನೊ ಉಡುವವರು ಕಡಿಮೆಯಾದರು, ಕೂಲಿ ಏರಿತು. ಕಟ್ಟುವ ಕೆಲಸ ಕೊರಿಯಾಕ್ಕೆ, ಆಮೇಲೆ ಚೀನಾಕ್ಕೆ ಹೋಯಿತು. ಊರಿನ ಹೆಂಗಸರ ಕೈಗೆ ಬರುವ ಬಟ್ಟೆಯೇ ಕಡಿಮೆಯಾಯಿತು. ಹಾಗಾದಾಗ ಮಗಳಿಗೆ ಯಾರು ಕಲಿಸುತ್ತಾರೆ? ಈಚೆಗೆ ಮಾತ್ರ ಕೆಲವರು ಬೇರೆ ದಾರಿ ಹಿಡಿದಿದ್ದಾರೆ. ಇಲ್ಲಿನ ಮನೆತನದ ಹಿರೊಯುಕಿ ಮುರಾಸೆ 2008ರಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫ್‌ನಲ್ಲಿ ಸುಜುಸಾನ್ ಎಂಬ ಕಂಪನಿ ಶುರುಮಾಡಿದರು. ಅರಿಮತ್ಸು ಕಟ್ಟಿನ ಶಾಲು, ದೀಪದ ಮುಚ್ಚಳ ಈಗ ಯುರೋಪಿನಲ್ಲಿ ಮಾರಾಟವಾಗುತ್ತವೆ. ಹಿಂದೆ ಕೂಸುಗಳ ಲಂಗೋಟಿ ಬಟ್ಟೆಗೆ ಹಾಕುತ್ತಿದ್ದ ಸೆಕ್ಕಾ ವಿನ್ಯಾಸ ಈಗ ಹುಡುಗಿಯರ ಯುಕಾತಾ ಮೇಲೆ ಬಂದಿದೆ. ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ, ಹಲಗೆಗಳ ನಡುವೆ ಬಿಗಿದು ಅಂಚು ಅದ್ದಿದರೆ ಮಂಜಿನ ಹೂಗಳು ಅರಳುತ್ತವೆ. ಇಂಥ ಬದಲಾವಣೆ ನನಗೆ ಇಷ್ಟವೇ. ಕೈಗೆ ಕೆಲಸ ಸಿಗಬೇಕು, ಅಲ್ವಾ?

ಹೋಗುವವರು ಜೂನ್ ಮೊದಲ ಶನಿವಾರ, ಭಾನುವಾರದ ಶಿಬೊರಿ ಹಬ್ಬಕ್ಕೆ ಹೋಗಬಹುದು. ಬೀದಿ ತುಂಬ ಬಟ್ಟೆಯೇ ಬಟ್ಟೆ. ಕಟ್ಟುವವರ ಜೊತೆ ಮಾತಾಡಬೇಕಿದ್ದರೆ ಗದ್ದಲವಿಲ್ಲದ ದಿನ ಒಳ್ಳೆಯದು. ಕೊಳ್ಳುವಾಗ ಬೆಲೆ ಕೇಳುವ ಮೊದಲು ಇದು ಯಾವ ಕಟ್ಟು, ಎಲ್ಲಿ ಕಟ್ಟಿದ್ದು ಎಂದು ಕೇಳಿ. ಒಂದು ಅಂಗಡಿಯಲ್ಲಿ ಹಾಗೆ ಕೇಳಿದ್ದಕ್ಕೆ ಆಕೆ ಒಳಗಿನಿಂದ ಇನ್ನೂ ದಾರ ಬಿಚ್ಚದ ಬಟ್ಟೆಗಳನ್ನು ತಂದು ಒಂದೊಂದಾಗಿ ತೋರಿಸಿದರು. ಕಡೆಗೆ ನನ್ನ ತಮ್ಮನೇ ಕೂತುಬಿಟ್ಟ, ಪ್ರಶ್ನೆ ಕೇಳೋದನ್ನು ನಿಲ್ಲಿಸಲಿಲ್ಲ.