ಕೆಂಪು ಉಟ್ಟವಳು

ಬುಧವಾರ ಸಂಜೆ ಅಣ್ಣನ ಮಗ ಅಮ್ಮನ ಮದುವೆಯ ಫೋಟೊಗೆ ಬಣ್ಣ ಬಳಿಸಿ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ. ಅರವತ್ತು ವರ್ಷ ನಡುಮನೆಯ ಗೋಡೆಯಲ್ಲಿ ಬೂದುಬೂದಾಗಿ ತೂಗುತ್ತಿದ್ದವರೆಲ್ಲ ಏಕಾಏಕಿ ಗುಲಾಬಿ ಕೆನ್ನೆ ಪಡೆದು ಕುಳಿತಿದ್ದರು. ಚಿಕ್ಕಮ್ಮ ಹನ್ನೊಂದು ಹೃದಯ ಕಳಿಸಿದರು. ಆ ಮದುವೆಯ ಹೊತ್ತಿಗೆ ಅವರಿನ್ನೂ ಹುಟ್ಟಿರಲೇ ಇಲ್ಲ.

ಮೊಬೈಲನ್ನು ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ನಂತರ, "ಕೆಂಪು ಉಟ್ಟಿದ್ದವಳು ನಾನಲ್ಲ" ಎಂದಳು.

ಅವಳ ಸೀರೆ ಹಸಿರಂತೆ. ವೀಳ್ಯದೆಲೆಯ ಹಸಿರು, ಅರಿಸಿನದ ಅಂಚು. ಕಪ್ಪು-ಬಿಳುಪಿನಲ್ಲಿ ಕೆಂಪೂ ಹಸಿರೂ ಎಷ್ಟೋ ಸಲ ಒಂದೇ ಬೂದಿಗೆ ಇಳಿಯುತ್ತವೆ. ಮದುಮಗಳೆಂದರೆ ಕೆಂಪೇ ಇರಬೇಕೆಂದು ತಂತ್ರಾಂಶ ಊಹಿಸಿದೆ. ಕೊರಳಿನ ಕಾಸಿನ ಸರಕ್ಕೂ ಥಳಥಳ ಚಿನ್ನದ ಬಣ್ಣ ಕೊಟ್ಟಿದೆ. ಅದು ಗಿಲೀಟು. ಮದುವೆ 1963ರ ಮೇ ತಿಂಗಳಲ್ಲಿ. ಆ ಜನವರಿಯಲ್ಲಷ್ಟೇ ಚಿನ್ನದ ನಿಯಂತ್ರಣ ಬಂದು, 14 ಕ್ಯಾರೆಟ್ ಮೀರಿದ ಹೊಸ ಒಡವೆ ಮಾಡುವಂತಿರಲಿಲ್ಲ. ಅಕ್ಕಸಾಲಿಗರು ಕೆಲಸವಿಲ್ಲದೆ ಕುಳಿತರು. ಅಜ್ಜನಿಗೆ ಮಾತ್ರ ಅನುಕೂಲವೇ ಆಯಿತು. ಕೊನೆಯವರೆಗೂ ಆ ನಿಯಂತ್ರಣ ತಂದ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿಯವರ ಹೆಸರು ಹೇಳಿಕೊಂಡೇ ತಮ್ಮ ಜಿಪುಣತನ ಮುಚ್ಚಿಕೊಂಡರು. ಫೋಟೊದ ನಟ್ಟನಡುವೆ ಬೆಳ್ಳಿ ಹಿಡಿಯ ಕೋಲು ಊರಿ ಕುಳಿತಿರುವುದು ಅವರೇ. ಮದುಮಕ್ಕಳು ಪಕ್ಕಕ್ಕೆ.

ಹಾಗಾದರೆ ಕೆಂಪು ಉಟ್ಟವಳು ಯಾರು? ಅಮ್ಮ ಉಗುರಿನಿಂದ ಎಡತುದಿ ತೋರಿಸಿದಳು. ತೆರೆದ ಬಾಗಿಲು, ಅದರೊಳಗೆ ಅರ್ಧ ಆಕೃತಿ. ಅಜ್ಜನ ಅಕ್ಕ. ಒಂಬತ್ತಕ್ಕೆ ಮದುವೆ, ಹದಿಮೂರಕ್ಕೆ ವೈಧವ್ಯ, ಬೋಳುತಲೆ, ಕೆಂಪು ಮಡಿಸೀರೆ. ಮೂರು ದಿನದ ಆ ಮದುವೆಯಲ್ಲಿ ಚಿರೋಟಿಯಿಂದ ಚಕ್ಕುಲಿಯವರೆಗೆ ಎಲ್ಲ ಅವಳದೇ ಉಸ್ತುವಾರಿ. ಚಪ್ಪರದೊಳಗೆ ಮಾತ್ರ ಕಾಲಿಡುವಂತಿರಲಿಲ್ಲ.

"ಫೋಟೊಗೆ ಕರೆದರೂ ಬರಲಿಲ್ಲವೇ?"

"ಯಾರು ಕರೆದರು? ಬಾಗಿಲಲ್ಲಿ ನಿಂತಿದ್ದಳು. ಫೋಟೊದಲ್ಲಿ ಬಿದ್ದುಬಿಟ್ಟಿದ್ದಾಳೆ."

ಬಿದ್ದುಬಿಟ್ಟಿದ್ದಾಳೆ! ಆ ಗೋಡೆಯ ಕೆಳಗೆ ಚಾಪೆ ಹಾಸಿಕೊಂಡು ಹತ್ತು ವರ್ಷ ಓದಿದವನು ನಾನು. ಅಜ್ಜನ ಕೋಲಿನ ಗಂಟುಗಳನ್ನು ಎಣಿಸಿದ್ದೇನೆ, ಅಪ್ಪನ ಎರವಲು ಕೋಟಿನ ತೋಳು ಗಿಡ್ಡವೆಂದು ನಕ್ಕಿದ್ದೇನೆ. ಎಡತುದಿಯದು ಬಾಗಿಲಿನ ನೆರಳೆಂದುಕೊಂಡಿದ್ದೆ.

ತಂತ್ರಾಂಶ ಅವಳಿಗೆ ಆಕಾಶನೀಲಿ ಉಡಿಸಿದೆ. ಸಾಲದ್ದಕ್ಕೆ ಮಸುಕು ಮುಖವನ್ನು ತಿದ್ದುವ ಹುರುಪಿನಲ್ಲಿ ಸೆರಗಿನ ಅಂಚಿನಿಂದ ಹಣೆಯ ಮೇಲೆ ಒಂದಿಷ್ಟು ಕಪ್ಪು ಕೂದಲನ್ನೂ ಇಳಿಬಿಟ್ಟಿದೆ. ನನಗೆ ಮೈ ಉರಿಯಿತು. ಅಳಿಸಿಹಾಕು ಎಂದು ಹುಡುಗನನ್ನು ಫೋನಿನಲ್ಲೇ ಗದರಿದೆ. ಹಿತ್ತಿಲಲ್ಲಿ ಕುಳಿತು ಮತ್ತೆ ಮತ್ತೆ ಕ್ಷೌರದ ಕತ್ತಿಗೆ ತಲೆಯೊಡ್ಡಿದವಳ ಬದುಕನ್ನು ಒಂದು ಗುಂಡಿ ಒತ್ತಿ ಒರೆಸುವುದೆಂದರೇನು? ನಮ್ಮ ಮನೆತನ ಮಾಡಿದ್ದನ್ನು ನಮ್ಮ ಫೋಟೊವಾದರೂ ಹೇಳಬೇಡವೇ? ಹುಡುಗ ಪಾಪ, "ಯಾರು ಚಿಕ್ಕಪ್ಪ ಅದು?" ಎಂದ. ನಾನು ಆಗಷ್ಟೇ ತಿಳಿದುಕೊಂಡದ್ದನ್ನು ಹುಟ್ಟಿದಾಗಿನಿಂದ ಗೊತ್ತಿದ್ದವನ ಗತ್ತಿನಲ್ಲಿ ಹೇಳಿದೆ. ಫೋನಿಟ್ಟ ಮೇಲೆ ನಾಚಿಕೆಯಾಯಿತು. ತಪ್ಪು ಬಣ್ಣವನ್ನೇ ಬಳಿದಿರಲಿ, ಅಲ್ಲೊಬ್ಬ ಹೆಂಗಸಿದ್ದಾಳೆಂದು ಆ ಯಂತ್ರಕ್ಕಾದರೂ ಕಂಡಿತ್ತು.

ಅಷ್ಟರಲ್ಲಿ ಅಮ್ಮ ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡುವುದನ್ನು ಕಲಿತುಬಿಟ್ಟಿದ್ದಳು.

"ಕೂದಲು ಬಂದಿದೆ" ಎಂದಳು. ಸ್ವಲ್ಪ ತಡೆದು ಮತ್ತೆ, "ಅತ್ತೆಗೆ ಕೂದಲು ಬಂದಿದೆ ನೋಡು."

ಅದು ಸುಳ್ಳು, ತೆಗೆಸುತ್ತೇನೆ ಎಂದೆ.

"ನನ್ನ ಸೀರೆ ಸರಿಮಾಡಲು ಹೇಳು. ಅವಳದ್ದು ಇರಲಿ."

ಹುಡುಗ ನಿನ್ನೆಯಿಂದ ಮೂರು ಹಸಿರು ಕಳಿಸಿದ್ದಾನೆ. ಮೊದಲನೆಯದು ಪಾಚಿಯಂತೆ, ಎರಡನೆಯದು ಬಸಳೆ. ಮೂರನೆಯದನ್ನು ನಾಳೆ ಬೆಳಕಿನಲ್ಲಿ ನೋಡುತ್ತಾಳಂತೆ.